ಪ್ಲೇಗಿನ ದಿನಗಳಲ್ಲಿ ಒಂದು ಸೊಂಟದ ಉಳುಕು

ಹೊಸಪೇಟೆಯಲ್ಲಿ ಇಲಿ ಸತ್ತು ಬೀಳುತ್ತಿವೆ ಎಂಬ ಸುದ್ದಿ ನಮ್ಮ ಕಂಪ್ಲಿಗೆ ಬಂದ ಕೆಲವೇ ದಿನಗಳಲ್ಲಿ ಹೊಸಪೇಟೆಯ ಓಣಿಗಳೆಲ್ಲ ಖಾಲಿಯಾದವೆಂದು ಕೇಳಿದೆವು. ಕೆಲವರು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಕೆಲವರು ಸಂಡೂರಿನ ಗುಡ್ಡದ ಕಡೆ ನೆಂಟರನ್ನು ಹುಡುಕಿಕೊಂಡು ಹೋದರು. ಬಹಳ ಮಂದಿ ಹಂಪಿಗೆ ಹೋಗಿ, ವಿರೂಪಾಕ್ಷನ ಗುಡಿಯ ಮುಂದಿನ ಕಲ್ಲುಮಂಟಪಗಳಲ್ಲಿ ಗೋಣಿತಾಟು ಕಟ್ಟಿಕೊಂಡು ಸಂಸಾರ ಹೂಡಿದರು. ನಾನು ಮನೆಯ ಬಾಗಿಲು ಹಾಕಿಕೊಂಡು ಕುಳಿತೆ. ಹಿಂದಿನ ಸಲ ಪ್ಲೇಗು ಬಂದಾಗ ನನ್ನ ಗಂಡ ತೀರಿಹೋಗಿದ್ದರು. ಮನೆಯಲ್ಲಿ ಉಳಿದವರು ನಾನು, ನನ್ನ ತಾಯಿ, ನನ್ನ ಚಿಕ್ಕ ಮಗಳು.

ಉಳುಕು ತೆಗೆಯುವುದು, ಎಲುಬು ಕೂಡಿಸುವುದು ನನ್ನ ಕೆಲಸ. ಗರಡಿಯಲ್ಲಿ ಈ ವಿದ್ಯೆ ಕಲಿತ ನಮ್ಮಪ್ಪ ಹೆಂಗಸರ ಮೈ ಮುಟ್ಟುವಂತಿರಲಿಲ್ಲ, ಹಾಗಾಗಿ ನನಗೆ ಕಲಿಸಿದ್ದರು.

ಅಂಥ ದಿನಗಳಲ್ಲಿ ಒಂದು ಬೆಳಿಗ್ಗೆ ಮನೆಯ ಮುಂದೆ ಎತ್ತಿನ ಬಂಡಿ ನಿಂತಿತು. ಇಳಿದವನು ಹೊಸಪೇಟೆಯ ಅಕ್ಕಿ ವ್ಯಾಪಾರಿ, ಇನ್ನೂ ಹರೆಯದವನು. ಕಟ್ಟೆ ಹತ್ತದೆ ಬೀದಿಯಲ್ಲೇ ನಿಂತು ಕೈಮುಗಿದ.

“ಯಕ್ಕಾ, ನನ್ನ ಹೇಣ್ತಿಗೆ ಟೊಂಕ ಹಿಡದೈತ್ರಿ. ಬಲಗಾಲು ನೆಲಕ್ಕ ಊರಾಕ ಆಗವಲ್ದು. ಮಗ್ಗಲ ಬದಲಿಸಿದ್ರ ಚೀರ್ತಾಳ. ಹಂಪಿ ಮಂಟಪದಾಗ ಅದೀವ್ರಿ. ನೀವ ಬರಬೇಕ್ರಿ.”

ಹೆಂಡತಿ ಯಾರೆಂದು ಕೇಳಿದೆ. ಎಮ್ಮಿಗನೂರಿನ ಕಬ್ಬಿನ ರೈತನ ಮಗಳು. ಹುಡುಗಿಯಾಗಿದ್ದಾಗ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದಳು, ಕೂಡಿಸಿದ್ದು ನಾನೇ. ಕಟ್ಟು ಬಿಚ್ಚಿದ ದಿನ ಅದೇ ಕೈಯಲ್ಲಿ ಕಬ್ಬಿನ ಜಲ್ಲೆ ಎತ್ತಿ ತೋರಿಸಿ ನಕ್ಕಿದ್ದಳು. ಈಗ ಮೊಲೆಗೂಸಿನ ತಾಯಿ.

“ಜ್ವರ ಐತೇನು?” ಎಂದೆ.

“ಇಲ್ರಿ.”

“ತೊಡೆಸಂದಿನಾಗ, ಕಂಕುಳಾಗ ಗಡ್ಡಿ?”

“ಇಲ್ರೀ ಯಕ್ಕಾ. ಆಣಿ ಮಾಡ್ತೀನಿ.”

ನನ್ನ ತಾಯಿ ಒಳಗಿನಿಂದ, “ಹೋಗಬ್ಯಾಡಲೇ. ಈ ಕೂಸಿನ ಮಾರಿ ನೋಡು” ಎಂದಳು. ಮಗಳು ನನ್ನ ಸೆರಗು ಹಿಡಿದಿದ್ದಳು. ಅದನ್ನು ಬಿಡಿಸಿಕೊಂಡು ಹರಳೆಣ್ಣೆಯ ಗಿಂಡಿ, ಅಗಲವಾದ ಕಟ್ಟುಪಟ್ಟಿ ತೆಗೆದುಕೊಂಡು ಬಂಡಿ ಹತ್ತಿದೆ. ಧೈರ್ಯದಿಂದ ಹತ್ತಿದೆನೆಂದು ಹೇಳಲಾರೆ. ಇಲ್ಲವೆನ್ನಲು ಬಾಯಿ ಬರಲಿಲ್ಲ, ಅಷ್ಟೇ. ಕಮಲಾಪುರದ ಕೆರೆ ದಾಟುವವರೆಗೂ ಎತ್ತುಗಳ ಬಾಲ ನೋಡುತ್ತ ಕುಳಿತಿದ್ದೆ.

ಹಂಪಿಯ ಬಜಾರಿನಲ್ಲಿ ಸಂತೆಯಷ್ಟು ಜನರಿದ್ದರು, ಆದರೆ ಗದ್ದಲವಿರಲಿಲ್ಲ. ಒಂದೊಂದು ಮಂಟಪದವರೂ ಪಕ್ಕದ ಮಂಟಪದವರನ್ನು ಕಳ್ಳರನ್ನು ನೋಡುವಂತೆ ನೋಡುತ್ತಿದ್ದರು. ಯಾರು ಕೆಮ್ಮಿದರೂ ತಲೆಗಳು ಅತ್ತ ತಿರುಗುತ್ತಿದ್ದವು. ನಾವು ಬಂಡಿ ಇಳಿದಾಗ ಪಕ್ಕದ ಮಂಟಪದ ಗಂಡಸೊಬ್ಬ, ನೂಲಿನ ವ್ಯಾಪಾರದವನಂತೆ, ಎದ್ದು ಬಂದು ನನ್ನ ಕೈಯಲ್ಲಿದ್ದ ಗಿಂಡಿಯನ್ನು ನೋಡಿದ. “ನೀವು ಡಾಕ್ಟರಮ್ಮನೇನು?” ಎಂದ. “ಅಲ್ರಿ, ಉಳುಕು ತೆಗ್ಯಾಕಿ” ಎಂದೆ. ಅವನು ಇನ್ನೇನೂ ಕೇಳದೆ ಒಳಗೆ ಹೋಗಿ ತನ್ನ ಗೋಣಿತಾಟನ್ನು ಇಳಿಬಿಟ್ಟ.

ಹುಡುಗಿ ಕಂಬದ ಮಗ್ಗುಲಲ್ಲಿ ಚಾಪೆಯ ಮೇಲೆ ಎಡಮಗ್ಗುಲಾಗಿ ಮಲಗಿದ್ದಳು. ಬಲಮೊಣಕಾಲನ್ನು ಹೊಟ್ಟೆಗೆ ಎಳೆದುಕೊಂಡಿದ್ದಳು. ಅವಳ ಅತ್ತೆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕುಳಿತಿದ್ದರು. ನಾನು ಬಗ್ಗಿ ಹುಡುಗಿಯ ಹೆಗಲಿನ ಮೇಲೆ ಕೈಯಿಟ್ಟೆ. ಮೈ ಕಾದ ಹೆಂಚಿನಂತೆ ಸುಡುತ್ತಿತ್ತು.

ಕೈ ತಾನಾಗಿಯೇ ಹಿಂದೆ ಬಂತು. ನಾನು ಮಂಟಪದ ಅಂಚಿನವರೆಗೆ ಹಿಂದೆ ಸರಿದೆ. ಗಂಡ ತಲೆ ತಗ್ಗಿಸಿ ನಿಂತಿದ್ದ.

“ಜ್ವರ ಇಲ್ಲ ಅಂದಿ.”

“ಹೇಳಿದ್ರ ನೀವು ಬರ್ತಿದ್ದಿಲ್ರಿ.”

ಅದು ನಿಜ. ಬರುತ್ತಿರಲಿಲ್ಲ.

ಹುಡುಗಿ ಕಣ್ಣು ತೆರೆದು ನನ್ನನ್ನು ಗುರುತಿಸಿದಳು. “ಯಕ್ಕಾ, ಇಲ್ಲಿ ನೋಯ್ತದ” ಎಂದು ಕೈಯನ್ನು ಬಲ ತೊಡೆಸಂದಿನ ಮೇಲೆ ಇಟ್ಟಳು. ನನ್ನ ಗಂಡ ಮೊದಲ ದಿನ ಕೈಯಿಟ್ಟು ತೋರಿಸಿದ್ದ ಜಾಗವೇ ಅದು. ಹೊರಗೆ ಬಂದು ಕಂಬಕ್ಕೆ ಆತು ನಿಂತೆ. ಬಂಡಿಯ ಎತ್ತುಗಳನ್ನು ನೊಗದಿಂದ ಬಿಚ್ಚಿ ಮೇವು ಹಾಕಿದ್ದರು. ಬಿಚ್ಚಿರದಿದ್ದರೆ ಹತ್ತಿ ಕುಳಿತು ಹೊರಡಿರೆಂದು ಹೇಳಿಬಿಡುತ್ತಿದ್ದೆ.

ಅತ್ತೆ ಕೂಸನ್ನು ಚಾಪೆಯ ಮೇಲೆ ಹಾಕಿ ನನ್ನ ಹಿಂದೆಯೇ ಬಂದರು. ದನಿ ತಗ್ಗಿಸಿ, “ಯವ್ವಾ, ಪ್ಲೇಗ್ ಇನ್ಸ್‌ಪೆಕ್ಟರ್ ಬರ್ತಾನ, ಮಂಟಪ ಮಂಟಪ ನೋಡ್ತಾನ. ಜ್ವರ ಐತಿ, ಕಾಲು ಬರವಲ್ದು ಅಂದ್ರ ಇಕಿನ್ನ ನದೀಕಡೆ ಹಾಕ್ಯಾರಲ್ಲ, ಆ ಶೆಡ್ಡಿಗೆ ಒಯ್ತಾರ. ಅಲ್ಲಿ ಖರೇನ ಪ್ಲೇಗ್ ಆದವ್ರು ಅದಾರ. ಅವರ ಮಗ್ಗಲಾಗ ಮಲಗಿಸಿದ್ರ ಇಕಿ ಉಳೀತಾಳೇನು? ಈ ಕೂಸಿಗೆ ಹಾಲು ಯಾರು ಕುಡಸ್ತಾರ?” ಎಂದರು.

ಒಳಗೆ ಕೂಸು ಅಳತೊಡಗಿತ್ತು. ಹುಡುಗಿ ಅದನ್ನು ಎತ್ತಿಕೊಳ್ಳಲೆಂದು ತಿರುಗಲು ಹೋಗಿ ಕಿರುಚಿದಳು. ಆ ಕೂಗನ್ನು ಕೇಳಿ ನನ್ನ ಬುದ್ಧಿ ಸ್ವಲ್ಪ ಜಾಗಕ್ಕೆ ಬಂತು. ಜ್ವರದವರು ನರಳುತ್ತಾರೆ. ಇದು ಕೀಲು ಕಚ್ಚಿಕೊಂಡವರ ಕೂಗು. ಅಲುಗಿದೊಡನೆ ಬರುತ್ತದೆ, ಅಲುಗಾಡುವುದನ್ನು ನಿಲ್ಲಿಸಿದರೆ ನಿಂತುಹೋಗುತ್ತದೆ.

ಬಿಸಿನೀರು ತರಿಸಿ ಕೈ ತೊಳೆದುಕೊಂಡೆ. ಗೋಣಿತಾಟು ಇಳಿಸಿ ಗಂಡನನ್ನು ಹೊರಗೆ ಕಳಿಸಿದೆ. ಮೊದಲು ಮುಖ ನೋಡಿದೆ. ಪ್ಲೇಗಿನವರ ಕಣ್ಣು ಕೆಂಪೇರಿರುತ್ತದೆ, ಮಾತು ಕುಡಿದವರಂತೆ ತೊದಲುತ್ತದೆ. ಇವಳ ಕಣ್ಣು ತಿಳಿಯಾಗಿತ್ತು, ಮಾತು ಸರಿಯಾಗಿತ್ತು. ಜ್ವರ ಹೇಗೆ ಬಂತೆಂದು ಕೇಳಿದೆ. ಮೊದಲು ಹಲ್ಲು ಕಡಿಯುವ ನಡುಕ, ಆಮೇಲೆ ಸುಡುವ ಜ್ವರ, ಆಮೇಲೆ ಚಾಪೆ ತೋಯುವಷ್ಟು ಬೆವರು. ಮಾರನೆಯ ದಿನ ಇರುವುದಿಲ್ಲ, ಅದರ ಮರುದಿನ ಮತ್ತೆ ಬರುತ್ತದೆ. ಹೊಳೆಯ ದಂಡೆಯ ನಮಗೆಲ್ಲ ಗೊತ್ತಿರುವ ಚಳಿಜ್ವರದ ದಾರಿ ಅದು. ಆದರೆ ಚಳಿಜ್ವರವಿದ್ದವರಿಗೆ ಪ್ಲೇಗು ಬರಬಾರದೆಂದೇನೂ ಇಲ್ಲ.

ಉಳಿದದ್ದು ತೊಡೆಸಂದು. ಸೀರೆ ಸರಿಸಿ ಬೆರಳಿಟ್ಟೆ. ತೊಡೆಯ ಮುಂದಿನ ಸ್ನಾಯು ಹಗ್ಗದಂತೆ ಬಿಗಿದಿತ್ತು. ಅದರ ಪಕ್ಕದಲ್ಲಿ, ಚರ್ಮದ ಕೆಳಗೆ, ಒಂದು ಗಂಟು ಸಿಕ್ಕಿತು. ಕಡಲೆಕಾಳಿನಷ್ಟು.

ಆ ಹೊತ್ತಿನಲ್ಲಿ ನನಗೆ ಕಿವಿ ಕೇಳಿಸಲಿಲ್ಲ. ಅತ್ತೆಯ ಬಾಯಿ ಅಲುಗುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಗಂಟನ್ನು ಒತ್ತಿದೆ. ಹುಡುಗಿ ಸುಮ್ಮನಿದ್ದಳು. ಮತ್ತೊಮ್ಮೆ, ಬಲವಾಗಿ ಒತ್ತಿದೆ. “ಅಲ್ಲಲ್ಲ, ಒಳಗ ನೋಯ್ತದ, ಹಿಂದಿನಿಂದ ಬರ್ತದ” ಎಂದಳು. ನನ್ನ ಗಂಡನ ಗಡ್ಡೆಯ ಮೇಲೆ ಪಂಚೆಯ ಅಂಚು ತಾಗಿದರೂ ಅವರು ಕೂಗುತ್ತಿದ್ದರು. ಎಡ ತೊಡೆಸಂದು ನೋಡಿದೆ. ಅಲ್ಲೂ ಅಂಥದೇ ಒಂದು ಕಾಳು ಇತ್ತು. ಅವಳ ಪಾದಗಳನ್ನು ನೋಡಿದರೆ ಎರಡೂ ಹಿಮ್ಮಡಿ ಒಡೆದು ಹುಣ್ಣಾಗಿದ್ದವು. ಕಾಲಿನ ಹುಣ್ಣಿಗೆ ತೊಡೆಸಂದಿನಲ್ಲಿ ಕಾಳು ಕಟ್ಟುವುದುಂಟು. ಮನಸ್ಸಿಗೆ ಹಾಗೆ ಹೇಳಿಕೊಂಡೆ. ಮನಸ್ಸು ಪೂರ್ತಿ ಒಪ್ಪಲಿಲ್ಲ. ಪ್ಲೇಗಿನದಾದರೆ ನಾಳೆಯೊಳಗೆ ಅದು ನಿಂಬೆಯಷ್ಟಾಗುತ್ತದೆ, ಆಗ ತಿಳಿಯುತ್ತದೆ ಎಂದುಕೊಂಡೆ. ಹೇಗೂ ಮುಟ್ಟಿಯಾಗಿತ್ತು.

“ಇದು ಹೆಂಗಾತು?” ಎಂದು ಕೇಳಿದೆ.

ಊರು ಬಿಡುವ ದಿನ ಬೀಸುವ ಕಲ್ಲನ್ನು ಅವಳೇ ಎತ್ತಿದ್ದಳಂತೆ. ಒಂದು ಕಾಲು ಬಂಡಿಯ ಮೇಲೆ, ಒಂದು ಕಾಲು ನೆಲದ ಮೇಲೆ, ಕಲ್ಲನ್ನು ಹಿಡಿದು ಸೊಂಟ ತಿರುವಿದಾಗ ಒಳಗೆ ಏನೋ ಜಾರಿದಂತಾಯಿತಂತೆ. ಹೆರಿಗೆಯಾಗಿ ಬಹಳ ಕಾಲವಾಗಿರಲಿಲ್ಲ. ಬಾಣಂತಿಯ ಸೊಂಟದ ಕಟ್ಟುಗಳು ಸಡಿಲವಾಗಿರುತ್ತವೆ, ಮೊದಲಿನ ಬಿಗಿ ಬರಲು ತಿಂಗಳುಗಳೇ ಬೇಕು.

ಅವಳನ್ನು ಬೋರಲು ಮಲಗಿಸಲು ನಾನೂ ಅತ್ತೆಯೂ ಸೇರಬೇಕಾಯಿತು. ಸೊಂಟದ ಕೆಳಗೆ ಎರಡು ಕಡೆ ಕುಳಿ ಇರುತ್ತವಲ್ಲ, ಬಲಗಡೆಯದು ಎಡಗಡೆಯದಕ್ಕಿಂತ ಮೇಲಿತ್ತು. ಕಾಲುಗಳನ್ನು ಜೋಡಿಸಿದರೆ ಬಲ ಹಿಮ್ಮಡಿ ಒಂದು ಬೆರಳಿನಷ್ಟು ಗಿಡ್ಡವಾಗಿ ಕಂಡಿತು. ಬೆನ್ನೆಲುಬಿನ ಬುಡದ ಎಲುಬು ಸೊಂಟದ ಎಲುಬಿಗೆ ಸೇರುವ ಬಲಗಡೆಯ ಕೀಲಿನ ಮೇಲೆ ಹೆಬ್ಬೆರಳಿಟ್ಟು ಒತ್ತಿದೆ. “ಅಲ್ಲೇ! ಅಲ್ಲೇ ಯಕ್ಕಾ!” ಎಂದು ಚಾಪೆ ಹಿಡಿದುಕೊಂಡಳು. ಅಲ್ಲಿ ಒತ್ತಿದ ನೋವು ಸುತ್ತು ಹಾಕಿಕೊಂಡು ತೊಡೆಸಂದಿಗೆ ಬರುತ್ತಿತ್ತು. ಕಾಲ್ಬೆರಳು ಆಡಿಸಲು ಹೇಳಿದೆ, ಆಡಿಸಿದಳು. ಪಾದದಲ್ಲಿ ಸ್ಪರ್ಶವಿತ್ತು. ಮೂತ್ರಕ್ಕೆ ತೊಂದರೆಯಿರಲಿಲ್ಲ. ನರಕ್ಕೆ ಏಟಾಗಿಲ್ಲ, ಕೀಲು ಕಚ್ಚಿದೆ ಎಂದು ಗೊತ್ತಾಯಿತು.

ಬೇಗ ಮುಗಿಸಿ ಬೇಗ ಹೊರಡಬೇಕೆಂಬುದೊಂದೇ ನನ್ನ ತಲೆಯಲ್ಲಿತ್ತು. ಎಡಮಗ್ಗುಲಾಗಿ ಮಲಗಿಸಿ, ಬಲಮೊಣಕಾಲು ಮಡಿಸಿ ಮುಂದಕ್ಕೆ ಇಳಿಬಿಟ್ಟು, ಒಂದು ಕೈಯಿಂದ ಭುಜವನ್ನು ಹಿಂದಕ್ಕೆ ಹಿಡಿದು, ಇನ್ನೊಂದು ಅಂಗೈಯನ್ನು ಸೊಂಟದ ಎಲುಬಿನ ಮೇಲಿಟ್ಟೆ. ಉಸಿರು ಬಿಡಿಸಿ ಒಮ್ಮೆಲೇ ದೂಡಿದೆ. ಸರಿಯಾಗಿ ಬಿದ್ದರೆ ಲಟಕ್ಕೆಂದು ಸದ್ದು ಬಂದು ಕೀಲು ಬಿಡುತ್ತದೆ. ಸದ್ದು ಬರಲಿಲ್ಲ. ಸೊಂಟದ ಸುತ್ತಲಿನ ಸ್ನಾಯುಗಳೆಲ್ಲ ಮುಷ್ಟಿ ಹಿಡಿದಂತೆ ಬಿಗಿದು ನನ್ನ ಕೈಯನ್ನು ತಡೆದವು. ಹುಡುಗಿ ಕೂಗಿದ ಕೂಗು ಬಜಾರಿನ ಆ ತುದಿಗೆ ಕೇಳಿಸಿರಬೇಕು.

ಅವಳ ಕಾಲು ತಾನಾಗಿಯೇ ಅದುರತೊಡಗಿತು. ತುಟಿ ಬಿಳಿಚಿತು. ನಾನು ಪಾದ ಹಿಡಿದುಕೊಂಡು, “ಬೆರಳು ಆಡಸು, ತಂಗೀ, ಆಡಸು” ಎಂದು ಬೇಡಿಕೊಂಡೆ. ಬಹಳ ಹೊತ್ತಾದ ಮೇಲೆ ಹೆಬ್ಬೆರಳು ಅಲುಗಿತು. ಅಷ್ಟರಲ್ಲಿ ಗೋಣಿತಾಟಿನ ಆಚೆ ಜನ ಸೇರಿದ್ದರು. ನೂಲಿನ ವ್ಯಾಪಾರಿಯ ದನಿ ಕೇಳಿಸಿತು.

“ಗಡ್ಡಿ ಎದ್ದೈತಿ. ಹಂಗ ಚೀರೋದು ಗಡ್ಡಿಗೇ. ಇವರು ಮುಚ್ಚಿಟ್ಟಾರ. ನಮ್ಮ ಮಕ್ಕಳು ಸಾಯಬೇಕೇನು?”

“ಟೊಂಕದ ಉಳುಕು ಅಣ್ಣಾರ” ಎಂದ ಗಂಡ.

“ಉಳುಕಿಗೆ ಜ್ವರ ಬರ್ತಾವೇನೋ? ನಾನು ಹೋಗಿ ಇನ್ಸ್‌ಪೆಕ್ಟರ್‌ಗೆ ಹೇಳ್ತೀನಿ. ಅವರೇ ಬಂದು ನೋಡ್ಲಿ.”

ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ನನ್ನ ಮನೆಯ ಪಕ್ಕದಲ್ಲಿ ಹೀಗಾಗಿದ್ದರೆ ನಾನೂ ಹೋಗಿ ಹೇಳುತ್ತಿದ್ದೆ.

ಅತ್ತೆ ನನ್ನ ಕೈ ಹಿಡಿದುಕೊಂಡರು. “ಇನ್ನೊಂದ್ಸಲ ದೂಡಿ ಬಿಡಸ್ರಿ ಯವ್ವಾ. ಅವ ಬರೂದ್ರಾಗ ಇಕಿ ಎದ್ದು ನಿಂತ್ರ ಸಾಕು.” ಹುಡುಗಿಯೂ ಕಣ್ಣೀರಿನಲ್ಲೇ ತಲೆಯಾಡಿಸಿದಳು. ದೂಡಬಹುದಿತ್ತು, ಮೈಭಾರ ಹಾಕಿ. ಬಿಗಿದ ಸ್ನಾಯುವಿನ ಮೇಲೆ ಭಾರ ಹಾಕಿ ದೂಡಿದರೆ, ಮೊದಲೇ ಸಡಿಲವಾಗಿರುವ ಕಟ್ಟು ಹರಿಯುತ್ತದೆ. ಆಮೇಲೆ ಆ ಸೊಂಟ ಯಾವತ್ತೂ ನಿಲ್ಲುವುದಿಲ್ಲ. ಅಂಥ ಹೆಂಗಸರನ್ನು ನಾನು ನೋಡಿದ್ದೆ, ಕುಳಿತಲ್ಲೇ ತೆವಳುವವರನ್ನು. ಇನ್ಸ್‌ಪೆಕ್ಟರ್ ಬರಲಿ, ಏನಾದರೂ ಆಗಲಿ, ಇನ್ನು ದೂಡುವುದಿಲ್ಲ ಎಂದು ಗಟ್ಟಿಮಾಡಿಕೊಂಡೆ.

“ಈಗ ಎಷ್ಟ ಬೇಡಿಕೊಂಡ್ರೂ ದೂಡಂಗಿಲ್ರಿ. ಮೊದಲ ಸ್ನಾಯು ಬಿಡಬೇಕು. ಅದಕ್ಕ ಹೊತ್ತು ಬೇಕು. ನಾನು ಇಲ್ಲೇ ಇರ್ತೀನಿ” ಎಂದೆ. ಇಲ್ಲೇ ಇರುತ್ತೇನೆ ಎಂದದ್ದು ನನ್ನ ಕಿವಿಗೇ ಯಾರೋ ಬೇರೆಯವರ ಮಾತಿನಂತೆ ಕೇಳಿಸಿತು.

ಹೊಳೆಯ ಮರಳು ತರಿಸಿ, ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಸೊಂಟಕ್ಕೂ ಕುಂಡಿಗೂ ಕಾವು ಕೊಟ್ಟೆ. ಬಿಸಿ ಹರಳೆಣ್ಣೆ ಹಚ್ಚಿ ಹೆಬ್ಬೆರಳಿನಿಂದ ನಿಧಾನವಾಗಿ ಉಜ್ಜಿದೆ. ಸಂಜೆ ಬೆವರಿ ಜ್ವರ ಇಳಿಯಿತು. ಬೆಳಗಾದ ಮೇಲೆ ನಾನು ಮಾಡಿದ ಮೊದಲ ಕೆಲಸ ತೊಡೆಸಂದಿನ ಕಾಳನ್ನು ಮುಟ್ಟಿ ನೋಡಿದ್ದು. ಕಡಲೆಕಾಳಿನಷ್ಟೇ ಇತ್ತು. ಹೊರಗೆ ಹೋಗಿ, ಯಾರೂ ಕಾಣದಂತೆ, ನನ್ನ ತೊಡೆಸಂದನ್ನೂ ಕಂಕುಳನ್ನೂ ಒತ್ತಿ ನೋಡಿಕೊಂಡೆ.

ಆಮೇಲೆ ಎಳೆತ ಶುರುಮಾಡಿದೆ. ಅಂಗಾತ ಮಲಗಿಸಿ ಬಲಮೊಣಕಾಲನ್ನು ಎಡಭುಜದ ಕಡೆಗೆ ತಂದೆ. ನೋವು ಶುರುವಾಗುವ ಗೆರೆಗೆ ಬಂದೊಡನೆ ನಿಂತೆ. “ಈಗ ನನ್ನ ಕೈಯನ್ನ ಹೊರಗ ದೂಡು. ಭಾಳ ಬ್ಯಾಡ, ಬಾಗಿಲಾ ಸರಿಸಿದಷ್ಟು.” ಅವಳು ದೂಡಿದಳು, ನಾನು ತಡೆದೆ. “ಬಿಡು. ಉಸಿರು ಬಿಡು.” ಬಿಟ್ಟಾಗ ಮೊಣಕಾಲು ತಾನಾಗಿಯೇ ಇನ್ನಷ್ಟು ಒಳಗೆ ಬಂತು. ಹೀಗೆ ದೂಡಿಸುವುದು, ಬಿಡಿಸುವುದು, ಬಂದಷ್ಟನ್ನು ಹಿಡಿದುಕೊಳ್ಳುವುದು. ಆಮೇಲೆ ಮಂಟಪದ ಕಲ್ಲಿನ ಅಂಚಿಗೆ ಅವಳನ್ನು ಸರಿಸಿ, ಎಡಮೊಣಕಾಲನ್ನು ಎದೆಗೆ ಹಿಡಿಸಿ, ಬಲಗಾಲನ್ನು ಅಂಚಿನಿಂದ ಕೆಳಗೆ ತೂಗಬಿಟ್ಟೆ. ಹಗ್ಗದಂತೆ ಬಿಗಿದಿದ್ದ ತೊಡೆಯ ಮುಂದಿನ ಸ್ನಾಯು, ಕಾಲಿನ ಭಾರಕ್ಕೇ ಸ್ವಲ್ಪ ಸ್ವಲ್ಪವಾಗಿ ಇಳಿಯಿತು. ನಡುನಡುವೆ ಅವಳು ಕೂಸಿಗೆ ಹಾಲು ಕುಡಿಸಿದಳು.

ಇನ್ಸ್‌ಪೆಕ್ಟರ್ ಬಂದದ್ದು ಅದೇ ಹೊತ್ತಿಗೆ. ಬಳ್ಳಾರಿಯಿಂದ ಕಳಿಸಿದವನು, ಮಾತು ನಮ್ಮ ಸೀಮೆಯದಲ್ಲ, ಮೂಗಿಗೆ ಕರ್ಪೂರದ ಕರವಸ್ತ್ರ ಹಿಡಿದುಕೊಂಡಿದ್ದ. ನೂಲಿನ ವ್ಯಾಪಾರಿ ದೂರದಲ್ಲಿ ನಿಂತಿದ್ದ. ಇನ್ಸ್‌ಪೆಕ್ಟರ್ ಮಂಟಪದ ಮೆಟ್ಟಿಲ ಬಳಿಯೇ ನಿಂತ.

“ಏನಮ್ಮಾ, ಇವಳ ಮೈ ನೋಡಿದೋರು ಯಾರು?”

“ನಾನ್ರಿ.”

“ಗಡ್ಡೆ ಇದೆಯಾ ಇಲ್ವಾ? ನಿಜ ಹೇಳ್ಬೇಕು. ನೀನು ಸುಳ್ಳು ಹೇಳಿದ್ರೆ ಈ ಸಾಲಿನೋರೆಲ್ಲ ಹೋಗ್ತಾರೆ.”

ಇಲ್ಲವೆಂದುಬಿಡಿರಿ ಎಂದು ಅತ್ತೆಯ ಕಣ್ಣು ಬೇಡುತ್ತಿತ್ತು.

“ಎರಡೂ ಕಡೆ ಒಂದೊಂದು ಕಾಳು ಐತ್ರಿ. ನಿನ್ನೆ ಎಷ್ಟಿತ್ತೋ ಇವತ್ತೂ ಅಷ್ಟ ಐತಿ. ಒತ್ತಿದ್ರ ನೋವಿಲ್ಲ. ಹಿಮ್ಮಡಿ ಹುಣ್ಣಾಗ್ಯಾವ. ಜ್ವರ ದಿನ ಬಿಟ್ಟು ದಿನ ಬರ್ತೈತಿ. ನೋವು ಟೊಂಕದ ಕೀಲಿನದು. ನನಗ ತಿಳಿದಿದ್ದು ಇಷ್ಟ್ರಿ.”

ಅವನು ದೂರದಿಂದಲೇ ಬಗ್ಗಿ ಹುಡುಗಿಯ ಹಿಮ್ಮಡಿಗಳನ್ನು ನೋಡಿದ. ಹಣೆ ಬೆವರಿತ್ತು. ನಮ್ಮಂತೆಯೇ ಅವನಿಗೂ ಹೆದರಿಕೆಯಿತ್ತು, ತಪ್ಪಿದರೆ ಕೇಳುವವರು ಅವನ ಮೇಲೂ ಇದ್ದರು. ಕೊನೆಗೆ, “ನಾಳೆ ಮತ್ತೆ ಬರ್ತೀನಿ. ಅಲ್ಲಿವರೆಗೆ ಈ ಮಂಟಪದಿಂದ ಯಾರೂ ಇಳಿಯೋ ಹಾಗಿಲ್ಲ. ನೀನೂ ಇಳಿಯೋ ಹಾಗಿಲ್ಲಮ್ಮ. ಗಂಟು ಬೆಳೆದ್ರೆ ಎಲ್ಲರೂ ಶೆಡ್ಡಿಗೆ” ಎಂದ. ಚಳಿಜ್ವರದ ಮದ್ದಾದ ಕ್ವಿನೈನಿನ ಒಂದು ಪೊಟ್ಟಣವನ್ನು ಮೆಟ್ಟಿಲ ಮೇಲಿಟ್ಟು ಹೋದ. ಕೆಳಗೆ ಒಬ್ಬ ತಳವಾರನನ್ನು ಕಾವಲು ಕೂರಿಸಿದರು.

ಆ ದಿನ ನಾನು ನನ್ನ ಮಗಳ ಬಗ್ಗೆ ಯೋಚಿಸದಿರಲು ಮಾಡಿದ ಪ್ರಯತ್ನವನ್ನು ಹೇಳಲಾರೆ. ಶೆಡ್ಡಿಗೆ ಹೋದವರಲ್ಲಿ ಎಷ್ಟು ಮಂದಿ ತಿರುಗಿ ಬಂದರೆಂದು ಎಣಿಸಲು ಹೋಗಿ ಬಿಟ್ಟುಬಿಟ್ಟೆ. ಕೈಗೆ ಕೆಲಸವಿರುವವರೆಗೆ ತಲೆ ನಿಲ್ಲುತ್ತಿತ್ತು, ಹಾಗಾಗಿ ಕೈಯನ್ನು ಸುಮ್ಮನೆ ಬಿಡಲಿಲ್ಲ. ಕಾವು, ಎಣ್ಣೆ, ಎಳೆತ, ಮತ್ತೆ ಕಾವು. ಮಧ್ಯಾಹ್ನದ ಹೊತ್ತಿಗೆ ಕುಂಡಿಯ ಸ್ನಾಯು ಹೆಬ್ಬೆರಳಿನ ಕೆಳಗೆ ಹಿಟ್ಟಿನಂತೆ ಮೆತ್ತಗಾಯಿತು. ಹುಡುಗಿ ಮೊದಲ ಸಲ ಅಂಗಾತ ಮಲಗಿ ಎರಡೂ ಕಾಲು ಚಾಚಿದಳು.

“ತಂಗೀ, ಈಗ ನೋಡ್ತೀನಿ. ಬ್ಯಾಡ ಅನಿಸಿದ್ರ ಬ್ಯಾಡ ಅನ್ನು” ಎಂದೆ.

“ನೀವ ಹೇಳ್ರಿ ಯಕ್ಕಾ. ನಿಮಗ ಹೆದರಿಕಿ ಐತೇನು?”

“ಐತಿ.”

“ನನಗೂ ಐತಿ” ಎಂದು ತಾನೇ ಎಡಮಗ್ಗುಲಾದಳು.

ಮೊಣಕಾಲು ಮಡಿಸಿ ಇಳಿಬಿಟ್ಟೆ. ಭುಜ ಹಿಡಿದೆ. ಅಂಗೈಯನ್ನು ಸೊಂಟದ ಎಲುಬಿನ ಮೇಲಿಟ್ಟು, ಕೀಲು ತಾನಾಗಿ ಎಲ್ಲಿಯವರೆಗೆ ಬರುತ್ತದೋ ಅಲ್ಲಿಯವರೆಗೆ ಹೋಗಿ ಕಾದೆ. ಕೂಸಿನ ಹೆಸರೇನಿಡುತ್ತೀ ಎಂದು ಕೇಳಿದೆ. ಅವಳು ಹೇಳಲು ಬಾಯಿ ತೆರೆದು ಉಸಿರು ಬಿಟ್ಟಾಗ ಒಂದು ಸಣ್ಣ ತಳ್ಳು ಕೊಟ್ಟೆ. ಕೈಗೆ ಮಾತ್ರ ಗೊತ್ತಾಗುವಷ್ಟು ಮೆಲ್ಲಗೆ ಒಳಗೆ ಲಟಕ್ಕೆಂದಿತು. ಅವಳು ಕೂಗಲಿಲ್ಲ. ಸ್ವಲ್ಪ ಹೊತ್ತು ಅಲುಗದೆ ಮಲಗಿದ್ದಳು.

“ಯಕ್ಕಾ, ಬಿಟ್ಟಂಗಾತು” ಎಂದಳು.

ಬೋರಲು ಮಲಗಿಸಿ ನೋಡಿದೆ. ಎರಡೂ ಕುಳಿಗಳು ಸಮವಾಗಿದ್ದವು, ಹಿಮ್ಮಡಿಗಳು ಸಮವಾಗಿದ್ದವು. ಅಗಲವಾದ ಪಟ್ಟಿಯನ್ನು ಸೊಂಟದ ಎಲುಬುಗಳ ಸುತ್ತ ಬಿಗಿಯಾಗಿ ಕಟ್ಟಿದೆ. ಕಂಬ ಹಿಡಿದು ನಿಲ್ಲಿಸಿದಾಗ ಬಲಗಾಲನ್ನು ನೆಲಕ್ಕೆ ಊರಿದಳು. ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡರು.

ಮರುದಿನ ಜ್ವರ ಬರುವ ಸರದಿ. ಕ್ವಿನೈನ್ ಹೊಟ್ಟೆಯಲ್ಲಿತ್ತು, ಆದರೂ ಬೆಳಗಿನಿಂದ ಒಬ್ಬರಾದ ಮೇಲೊಬ್ಬರು ಅವಳ ಮೈ ಮುಟ್ಟಿ ನೋಡುತ್ತಿದ್ದೆವು. ಇನ್ಸ್‌ಪೆಕ್ಟರ್ ಬಂದಾಗ ಅವಳ ಮೈ ಬೆಚ್ಚಗಿತ್ತಷ್ಟೇ, ನಡುಕ ಬಂದಿರಲಿಲ್ಲ. ಕಾಳುಗಳು ಹಾಗೆಯೇ ಇದ್ದವು. ಅವನು ನಡೆಯಲು ಹೇಳಿದ. ಅವಳು ಒಂದು ಕಂಬದಿಂದ ಇನ್ನೊಂದು ಕಂಬಕ್ಕೆ, ಕುಂಟುತ್ತ, ಕೂಸನ್ನು ಅತ್ತೆಗೆ ಕೊಡದೆ ತಾನೇ ಎತ್ತಿಕೊಳ್ಳುತ್ತೇನೆಂದು ಹಟ ಮಾಡುತ್ತ ನಡೆದಳು. ಅವನು ಕರವಸ್ತ್ರವನ್ನು ಮೂಗಿನಿಂದ ತೆಗೆದು ಮುಖ ಒರೆಸಿಕೊಂಡ. “ಹೋಗಮ್ಮ, ನೀನು ಹೊರಡು” ಎಂದು ನನಗೆ ಹೇಳಿದ.

ಕೂಸಿನ ತೂಕ ಬಿಟ್ಟು ಬೇರೆ ಭಾರ ಎತ್ತಬಾರದು, ಕುಕ್ಕರುಗಾಲಲ್ಲಿ ಕೂರಬಾರದು, ಪಟ್ಟಿ ಬಿಚ್ಚಬಾರದು, ದೂಡಿ ಬಿಡುವ ಎಳೆತವನ್ನು ದಿನವೂ ಮಾಡಬೇಕೆಂದು ಹೇಳಿಕೊಟ್ಟೆ. ಬಂಡಿ ಹತ್ತುವಾಗ ಅವಳು ಅಂಚಿಗೆ ಬಂದು, “ಯಕ್ಕಾ, ನನಗ ಪ್ಲೇಗ್ ಆಗೈತಿ ಅಂತ ನಮ್ಮಪ್ಪಗ ಯಾರೋ ಹೇಳ್ಯಾರಂತ. ಅವಗ ಸುದ್ದಿ ಮುಟ್ಟಸ್ರಿ” ಎಂದಳು.

ಹೇಗೂ ನಾನು ಆಗಲೇ ಮನೆಗೆ ಹೋಗುವಂತಿರಲಿಲ್ಲ. ಕೆಲವು ದಿನ ಮಗಳಿಂದ ದೂರ ಇರಬೇಕೆಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಹೊಳೆಯಲ್ಲಿ ಮುಳುಗಿ, ಬಟ್ಟೆ ಒಗೆದು, ಒದ್ದೆಯಲ್ಲೇ ಬಂಡಿಯಲ್ಲಿ ಕುಳಿತು, ಬಂಡಿ ಹೊಡೆಯುವ ಆಳಿನೊಡನೆ ಎಮ್ಮಿಗನೂರಿನ ದಾರಿ ಹಿಡಿದೆ. ಆಗ ಬಂತು ನಡುಕ. ಅಲ್ಲಿಯವರೆಗೆ ಎಲ್ಲಿತ್ತೋ, ಹಲ್ಲು ಕಟಕಟಿಸುವಷ್ಟು ಬಂತು. ಜ್ವರವೇ ಇರಬೇಕೆಂದು ದಾರಿಯುದ್ದಕ್ಕೂ ಹಣೆ ಮುಟ್ಟಿ ಮುಟ್ಟಿ ನೋಡಿಕೊಂಡೆ. ಜ್ವರವಿರಲಿಲ್ಲ.

ಹುಡುಗಿಯ ಅಪ್ಪ ಕಬ್ಬಿನ ಗದ್ದೆಯ ಬದುವಿನ ಮೇಲೆ ನಿಂತಿದ್ದ. ಅಳಿಯನ ಬಂಡಿಯನ್ನು ದೂರದಿಂದಲೇ ಗುರುತಿಸಿದ. ಬಂಡಿಯಲ್ಲಿ ಅಳಿಯನಿಲ್ಲ, ಮಗಳಿಲ್ಲ, ಒದ್ದೆ ಸೀರೆಯ ಒಬ್ಬ ಹೆಂಗಸು. ಅವನ ಕೈಯಲ್ಲಿದ್ದ ಕುಡುಗೋಲು ಕೆಳಗೆ ಬಿತ್ತು.

ನಾನು ಬಂಡಿ ನಿಲ್ಲಿಸಿ ಎದ್ದು ನಿಂತು ಕೂಗಿದೆ. “ಯಪ್ಪಾ, ನಿನ್ನ ಮಗಳು ನಡೀತಾಳ!”

ಗಾಳಿಗೆ ಕೇಳಿಸಲಿಲ್ಲವೋ, ನಂಬಿಕೆ ಬರಲಿಲ್ಲವೋ. ಕಿವಿಯ ಹಿಂದೆ ಕೈಯಿಟ್ಟು ನಿಂತ.

“ನಡೀತಾಳ! ಕೂಸಿಗೆ ಹಾಲು ಕುಡಸ್ತಾಳ! ಪ್ಲೇಗ್ ಅಲ್ಲ, ಟೊಂಕದ ಉಳುಕು!”

ಅವನು ಕಬ್ಬಿನ ನಡುವೆ ದಾರಿ ಮಾಡಿಕೊಂಡು ನನ್ನತ್ತ ಓಡಿ ಬರತೊಡಗಿದ. “ಬರಬ್ಯಾಡ! ಹತ್ರ ಬರಬ್ಯಾಡ, ಅಲ್ಲೇ ನಿಂದ್ರು!” ಎಂದು ನಾನು ಎರಡೂ ಕೈ ಎತ್ತಿ ಚೀರಿದೆ. ಅವನು ಕಾಲುವೆಯ ಆಚೆ ದಂಡೆಯಲ್ಲಿ ನಿಂತ. ನಾವಿಬ್ಬರೂ ಅಷ್ಟು ದೂರದಿಂದ ಒಬ್ಬರನ್ನೊಬ್ಬರು ನೋಡಿದೆವು. ಆಮೇಲೆ ಅವನು ಮೆಲ್ಲಗೆ ನೆಲಕ್ಕೆ ಕುಳಿತು, ತಲೆಯ ರುಮಾಲು ಬಿಚ್ಚಿ ಮುಖಕ್ಕೆ ಒತ್ತಿಕೊಂಡ.